ಸವೆಯದ ಹಲ್ಲು

ಒಕ್ಕಲುತನವೇ ಬದುಕಿಗೆ ಆಧಾರವಾಗಿದ್ದ ನಮ್ಮ ಹಿಂದಿನ ಹಳ್ಳಿಗಳಲ್ಲಿ 'ಬಿಡಿಭಾಗ' ಎಂಬ ಮಾತು ಬಳಕೆಯಲ್ಲಿರಲಿಲ್ಲ. ಬಂಡಿಯ ಗಾಲಿ ಮುರಿದರೆ ಬಡಿಗನು ಜಾಲಿಯ ಕಟ್ಟಿಗೆಯನ್ನು ಕೆತ್ತಿ ಮುರಿದ ಭಾಗದ ಜಾಗದಲ್ಲಿ ಹೊಸದನ್ನು ಕೂಡಿಸುತ್ತಿದ್ದನು. ಕುಂಟೆಯ ಕುಡ ಸವೆದರೆ ಕಮ್ಮಾರನು ಕುಲುಮೆಯಲ್ಲಿ ಕಾಯಿಸಿ, ತಟ್ಟಿ, ಅದನ್ನು ಮತ್ತೆ ಹರಿತಗೊಳಿಸಿ ಕೊಡುತ್ತಿದ್ದನು. ಒಂದು ಬಂಡಿಯ ಭಾಗ ಇನ್ನೊಂದು ಬಂಡಿಗೆ ಹೊಂದುತ್ತಿರಲಿಲ್ಲ. ಹೊಂದಬೇಕೆಂದು ಯಾರೂ ಬಯಸುತ್ತಲೂ ಇರಲಿಲ್ಲ. ವಸ್ತುವನ್ನು ಮಾಡಿದ ಕೈ ಊರಲ್ಲಿಯೇ ಇರುವಾಗ ಅದರ ಭಾಗಗಳನ್ನು ಅಂಗಡಿಯಲ್ಲಿ ಹುಡುಕುವ ಪ್ರಸಂಗವೆಲ್ಲಿಯದು?

ಯಂತ್ರಯುಗವು ಈ ಕ್ರಮವನ್ನು ಬದಲಿಸಿತು. ಒಂದೇ ಅಳತೆಯ ಸಾವಿರಾರು ಭಾಗಗಳನ್ನು ಮೊದಲೇ ಮಾಡಿಟ್ಟು, ಅವುಗಳಲ್ಲಿ ಯಾವುದನ್ನು ಎತ್ತಿಕೊಂಡರೂ ಆ ಜಾತಿಯ ಯಾವ ಯಂತ್ರಕ್ಕಾದರೂ ಹೊಂದುವಂತೆ ಮಾಡುವುದು ಅದರ ಗುರಿಯಾಯಿತು. 1908ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಎಂಬಲ್ಲಿ ಈ ತತ್ತ್ವಕ್ಕೆ ಒಂದು ಬಹಿರಂಗ ಪರೀಕ್ಷೆ ನಡೆಯಿತು. ಅಮೆರಿಕದ ಕ್ಯಾಡಿಲಾಕ್ ಕಂಪನಿಯ ಮೂರು ಕಾರುಗಳನ್ನು ಪೂರ್ತಿಯಾಗಿ ಬಿಚ್ಚಿ, ಭಾಗಗಳನ್ನೆಲ್ಲ ಒಂದೇ ರಾಶಿಯಾಗಿ ಬೆರೆಸಿದರು. ಅವುಗಳಲ್ಲಿ ಕೆಲವನ್ನು ತೆಗೆದು ದಾಸ್ತಾನಿನಿಂದ ಹೊಸವನ್ನು ಹಾಕಿದರು. ಅನಂತರ ಆ ರಾಶಿಯಿಂದಲೇ ಮತ್ತೆ ಮೂರು ಕಾರುಗಳನ್ನು ಜೋಡಿಸಿದರು. ಪಾನಾ, ತಿರುಪುಳಿಗಳ ಹೊರತು ಬೇರೆ ಉಪಕರಣಗಳನ್ನು ಬಳಸಲಿಲ್ಲ. ಅರದಿಂದ ಉಜ್ಜಿ ಹೊಂದಿಸಲಿಲ್ಲ. ಹಾಗೆ ಜೋಡಿಸಿದ ಮೂರೂ ಕಾರುಗಳು 500 ಮೈಲಿಗಳ ಓಟವನ್ನು ಪೂರೈಸಿದವು. ನೋಡಿದವರು ಬೆರಗಾದರು. ಇಂದು ನಾವು ಸೈಕಲ್ಲಿನ ಸರಪಳಿಯನ್ನಾಗಲಿ, ಪಂಪುಸೆಟ್ಟಿನ ಬೇರಿಂಗನ್ನಾಗಲಿ ಅಂಗಡಿಯಿಂದ ತಂದು ಸುಲಭವಾಗಿ ಕೂಡಿಸುವುದರ ಹಿಂದೆ ಇರುವುದು ಇದೇ ತತ್ತ್ವ.

ಆದರೆ ಈ ಸೌಕರ್ಯಕ್ಕೆ ಒಂದು ಷರತ್ತಿದೆ. ಕಾರ್ಖಾನೆ ನಡೆಯುತ್ತಿರುವ ತನಕ ಮಾತ್ರ ಅದು ನಮಗೆ ದೊರಕುತ್ತದೆ. ಕಾರ್ಖಾನೆಯ ಬಾಗಿಲು ಮುಚ್ಚಿ, ದಾಸ್ತಾನು ಮುಗಿದು, ಅಂಗಡಿಕಾರನು 'ಇಲ್ಲ' ಎಂದು ತಲೆಯಾಡಿಸಿದ ದಿನ ಯಂತ್ರದ ಒಡೆಯನು ಮತ್ತೆ ಬಡಿಗ ಕಮ್ಮಾರರ ಮನೆಯ ಬಾಗಿಲಿಗೇ ಹೋಗಬೇಕಾಗುತ್ತದೆ. ಆಗ ಕೇಳಬೇಕಾದ ಪ್ರಶ್ನೆ 'ಇದು ಎಲ್ಲಿ ಸಿಗುತ್ತದೆ?' ಎಂಬುದಲ್ಲ, 'ಇದನ್ನು ಮೊದಲು ಮಾಡಿದವನು ಹೇಗೆ ಮಾಡಿದ್ದನು, ಏಕೆ ಹಾಗೆ ಮಾಡಿದ್ದನು?' ಎಂಬುದು. ಈ ಮಾತಿನ ಅರ್ಥ ನನಗೆ ವಿಶದವಾದದ್ದು ನಮ್ಮೂರು ಗೊಬ್ಬೂರದಲ್ಲಿ, ನಮ್ಮ ಕಾಕಾ ಅವರ ಕಾರಿನ ನಿಮಿತ್ತದಿಂದ.

ಗೊಬ್ಬೂರವು ಕಲಬುರಗಿಯಿಂದ ಅಫಜಲಪುರದ ಕಡೆಗೆ ಹೋಗುವ ದಾರಿಯಲ್ಲಿ, ತೊಗರಿ ಜೋಳಗಳನ್ನು ಬೆಳೆಯುವ ಎರೆಹೊಲಗಳ ನಡುವೆ ಇದೆ. ನಮ್ಮ ಕಾಕಾ ಅಲ್ಲಿ ಕಾಳಿನ ವ್ಯಾಪಾರ ಮಾಡಿಕೊಂಡಿದ್ದವರು. ಅವರು 1976ರಲ್ಲಿ ಹೈದರಾಬಾದಿನಿಂದ ಒಂದು ಕಾರನ್ನು ಕೊಂಡು ತಂದರು. ಅದು 1970ರಲ್ಲಿ ತಯಾರಾದ, ನಾಲ್ಕು ಬಾಗಿಲುಗಳ 'ಸ್ಟ್ಯಾಂಡರ್ಡ್ ಹೆರಾಲ್ಡ್'. ಇಂಗ್ಲೆಂಡಿನಲ್ಲಿ 1959ರಲ್ಲಿ 'ಟ್ರಯಂಫ್ ಹೆರಾಲ್ಡ್' ಎಂಬ ಹೆಸರಿನಿಂದ ಹೊರಬಂದ ಕಾರಿನ ಭಾರತೀಯ ರೂಪವದು. ಮದ್ರಾಸು ನಗರದ ಅಂಚಿನಲ್ಲಿದ್ದ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಾರ್ಖಾನೆಯು 1961ರಿಂದ ಅದನ್ನು ತಯಾರಿಸತೊಡಗಿತು. 948 ಘನ ಸೆಂಟಿಮೀಟರಿನ ಚಿಕ್ಕ ಎಂಜಿನು. ಮುಂಭಾಗದ ತಗಡಿನ ಹೊದಿಕೆಯು ಮೊಸಳೆಯ ಬಾಯಿಯಂತೆ ಇಡಿಯಾಗಿ ಮೇಲೇಳುತ್ತಿತ್ತು. ಆ ದಿನಗಳಲ್ಲಿ ಊರಿನಲ್ಲಿ ಬೇರೊಂದು ಕಾರು ಇರಲಿಲ್ಲ. ಹೆರಿಗೆಯ ಬೇನೆ ತಿನ್ನುವ ಹೆಣ್ಣುಮಕ್ಕಳನ್ನು, ಹಾವು ಕಡಿದವರನ್ನು, ಜ್ವರದಿಂದ ನರಳುವ ಕೂಸುಗಳನ್ನು ಕಾಕಾ ಹೊತ್ತುಗೊತ್ತು ನೋಡದೆ ಕಲಬುರಗಿಯ ಆಸ್ಪತ್ರೆಗೆ ಕೊಂಡೊಯ್ಯುತ್ತಿದ್ದರು. ಹಣ ಕೇಳಿದ್ದನ್ನು ನಾನು ಕಾಣೆ.

ಕಾಕಾ 2001ರಲ್ಲಿ ತೀರಿಕೊಂಡರು. ಕಾರು ಅಂಗಳದ ಬೇವಿನ ಮರದ ಕೆಳಗೆ ನಿಂತಿತು. ನಿಂತದ್ದು ನಿಂತೇ ಇಪ್ಪತ್ತು ವರ್ಷಗಳು ಕಳೆದವು. 2022ರ ದೀಪಾವಳಿಯ ಹೊತ್ತಿಗೆ ಅವರ ಮಗ, ಎಂದರೆ ನನ್ನ ತಮ್ಮ, ಅದನ್ನು ಗುಜರಿಗೆ ಕೊಡುವ ನಿಶ್ಚಯ ಮಾಡಿದನು. "ಅಣ್ಣಾ, ತೂಕದ ಮ್ಯಾಲೆ ರೊಕ್ಕ ಕೊಡ್ತೀನಿ ಅಂದಾರ. ಅಂಗಳನಾದ್ರೂ ಖುಲ್ಲಾ ಆಗ್ತದ" ಎಂದನು. ಅವನ ಮಾತಿನಲ್ಲಿ ನ್ಯಾಯವಿರಲಿಲ್ಲವೆಂದು ಹೇಳಲಾಗದು. ಆದರೆ ಕಲಬುರಗಿಯಲ್ಲಿ ಐ.ಟಿ.ಐ. ಮುಗಿಸಿ ಬಂದಿದ್ದ ಅವನ ಮಗ ಅಡ್ಡ ನಿಂತನು. ತಂದೆಗೂ ಮಗನಿಗೂ ವಾದವಾಯಿತು. ಕೊನೆಗೆ ತಂದೆಯು ಒಂದು ಗಡುವು ಹಾಕಿದನು: ಯುಗಾದಿಯೊಳಗೆ ಕಾರು ತನ್ನ ಬಲದಿಂದ ತಾನು ಅಂಗಳವನ್ನು ದಾಟಬೇಕು; ಅದರ ಬಾಗಿಲು ಕಿಟಕಿಗಳು ಸರಿಯಾಗಿ ಮುಚ್ಚಬೇಕು; ಇಲ್ಲವಾದರೆ ಅದು ಗುಜರಿಗೆ. ಹುಡುಗನು ನನ್ನ ಬಳಿಗೆ ಬಂದು, "ದೊಡ್ಡಪ್ಪ, ನೀವು ನನ್ನ ಜೋಡಿ ತಿರುಗ್ಯಾಡಿ ಬರಬೇಕು. ದೊಡ್ಡವರಿದ್ದರ ಅಂಗಡಿಯವರು ಮಾತು ಕೇಳ್ತಾರ" ಎಂದನು. ನಿವೃತ್ತನಾದ ನನಗೆ ಹೊತ್ತಿಗೆ ಬರವಿರಲಿಲ್ಲ. ನಾನು ಒಪ್ಪಿಕೊಂಡೆ.

ಮೊದಲ ಕೆಲಸ ಪಟ್ಟಿ ಮಾಡುವುದು. ಹುಡುಗನು ಇನ್ನೂರು ಪುಟದ ಒಂದು ವಹಿಯಲ್ಲಿ ಇಲ್ಲದ ಭಾಗಗಳನ್ನೂ ಇದ್ದು ಕೆಟ್ಟ ಭಾಗಗಳನ್ನೂ ಬರೆದು, ಒಂದೊಂದರ ಚಿತ್ರವನ್ನೂ ಅಳತೆಯನ್ನೂ ಹಾಕಿದನು. ಬರೆಯುತ್ತ ಹೋದಂತೆ ಅವು ತಾವಾಗಿಯೇ ಮೂರು ಗುಂಪುಗಳಾದವು: ಊರಿನಲ್ಲಿಯೇ ಇರಬಹುದಾದವು, ಹೊರಗೆ ಹುಡುಕಿ ತರಬೇಕಾದವು, ಎಲ್ಲಿಯೂ ಸಿಗದೆ ಹೊಸದಾಗಿ ಮಾಡಿಸಬೇಕಾದವು.

ಊರಿನಲ್ಲಿ ಇರಬಹುದಾದ ಭಾಗಗಳೆಂದರೆ ನಿಮಗೆ ಆಶ್ಚರ್ಯವಾದೀತು. ಇಪ್ಪತ್ತು ವರ್ಷ ನಿಂತ ಕಾರು ನಾಲ್ಕು ಜನರ ಕೈಗೆ ಸಿಕ್ಕ ಮರದ ಹಣ್ಣಿನಂತೆ. ಗಾಲಿಯ ಮುಚ್ಚಳಗಳಲ್ಲಿ ಒಂದು ಯಾರದೋ ಹಿತ್ತಲಿನಲ್ಲಿ ಕೋಳಿಗಳಿಗೆ ನೀರಿಡುವ ಬಟ್ಟಲಾಗಿತ್ತು. ಹಿಂದಣ ದಾರಿಯನ್ನು ತೋರಿಸುವ ಕನ್ನಡಿ ಕ್ಷೌರದ ಅಂಗಡಿಯ ಗೋಡೆಯ ಮೇಲಿತ್ತು. ಕಾರನ್ನೆತ್ತುವ ಜಾಕು ಒಂದು ಮನೆಯ ಹೊರಸಿನ ಕೆಳಗೆ ತುಕ್ಕು ಹಿಡಿದು ಮಲಗಿತ್ತು. ಕೇಳಿದ ಕೂಡಲೇ ಎಲ್ಲರೂ ಮರಳಿ ಕೊಟ್ಟರು. ಗಾಲಿಯ ಮುಚ್ಚಳವನ್ನು ತೊಳೆದು ತಂದುಕೊಟ್ಟ ಮುದುಕಿಯೊಬ್ಬಳು, "ನನ್ನ ಮಗಳು ಹುಟ್ಟಿದ ರಾತ್ರಿ ಇದೇ ಗಾಡಿಯೊಳಗ ಹೋಗೀನಪ್ಪ. ಇದನ್ನ ಮುರಿಬ್ಯಾಡ್ರಿ" ಎಂದಳು. ಹುಡುಗನು ಆ ಮುಚ್ಚಳದ ಮುಂದೆ ವಹಿಯಲ್ಲಿ ಗೀಟು ಎಳೆದನು, ಮಾತಾಡಲಿಲ್ಲ.

ಎರಡನೆಯ ಗುಂಪಿಗಾಗಿ ನಾವು ಚೆನ್ನೈಗೆ ಹೋದೆವು. ಮುಂಬಯಿಯಿಂದ ಚೆನ್ನೈಗೆ ಹೋಗುವ ರೈಲುಮಾರ್ಗವು ಕಲಬುರಗಿಯ ಮೇಲೆಯೇ ಹಾಯುವುದರಿಂದ ಪ್ರಯಾಣವೇನೂ ಕಷ್ಟವಲ್ಲ. ಅಲ್ಲಿನ ಪುದುಪೇಟೆಯು ಹಳೆಯ ವಾಹನಗಳ ಬಿಡಿಭಾಗಗಳಿಗೆ ಹೆಸರಾದ ಸ್ಥಳ. ಹೆರಾಲ್ಡಿನ ತವರು ಅದೇ ನಗರವಾದ್ದರಿಂದ ಅಲ್ಲಿ ಏನಾದರೂ ಸಿಕ್ಕೀತೆಂಬ ಆಸೆ. ಎರಡು ದಿನ ತಿರುಗಿದ ಮೇಲೆ ಎಂಜಿನಿನ ಕೆಲವು ಭಾಗಗಳೂ ಒಂದು ಜೊತೆ ದೀಪದ ಬಳೆಗಳೂ ಸಿಕ್ಕವು. ಇಂಗ್ಲೆಂಡಿನಲ್ಲಿ ಹೆರಾಲ್ಡಿನ ಅಭಿಮಾನಿಗಳ ಸಂಘಗಳಿವೆ. ಅದರ ಭಾಗಗಳನ್ನು ಹೊಸದಾಗಿ ತಯಾರಿಸಿ ಮಾರುವ ವ್ಯಾಪಾರಿಗಳೂ ಇದ್ದಾರೆ. ಅಲ್ಲಿಂದ ಮತ್ತೆ ಕೆಲವನ್ನು ತರಿಸಿದೆವು. ಆದರೆ ಒಂದು ತೊಡಕು ಉಳಿಯಿತು. ನಾಲ್ಕು ಬಾಗಿಲಿನ ಹೆರಾಲ್ಡನ್ನು ಇಂಗ್ಲೆಂಡಿನಲ್ಲಿ ತಯಾರಿಸಲೇ ಇಲ್ಲ. ಹೆಚ್ಚು ಜನ ಕುಳಿತು ಹೋಗುವ ನಮ್ಮ ದೇಶದ ರೂಢಿಗೆ ಒಗ್ಗುವಂತೆ 1960ರ ದಶಕದ ಕೊನೆಯಲ್ಲಿ ಮದ್ರಾಸಿನ ಕಾರ್ಖಾನೆಯು ತಾನೇ ಅದನ್ನು ರೂಪಿಸಿತ್ತು. ಹಿಂಬಾಗಿಲು, ಅದರ ಗಾಜು, ಗಾಜನ್ನು ಏರಿಸಿ ಇಳಿಸುವ ಯಂತ್ರ ಇವೆಲ್ಲ ಇಲ್ಲಿಯವೇ. 1988ರ ತರುವಾಯ ಆ ಕಾರ್ಖಾನೆಯಲ್ಲಿ ಕಾರುಗಳ ತಯಾರಿಕೆಯೇ ಇಲ್ಲ. ಲೋಕವೆಲ್ಲ ಹುಡುಕಿದರೂ ಸಿಗದ ಭಾಗಗಳು ನಮ್ಮ ನೆಲದಲ್ಲಿಯೇ ಹುಟ್ಟಿದವಾಗಿದ್ದವು!

ಸಿಕ್ಕ ಭಾಗಗಳನ್ನು ಜೋಡಿಸುವಾಗ ಇನ್ನೊಂದು ಪಾಠ ಕಾದಿತ್ತು. ಬೋಲ್ಟಿನ ಮೈಮೇಲೆ ಸುತ್ತಿಕೊಂಡಿರುವ ಸುರುಳಿಯ ಎಳೆಗೆ ಥ್ರೆಡ್ಡು ಎನ್ನುವುದುಂಟು. ಹಿಂದೆ ಒಂದೊಂದು ಕಾರ್ಖಾನೆಯ ಥ್ರೆಡ್ಡು ಒಂದೊಂದು ಬಗೆಯದಾಗಿತ್ತು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಅದಕ್ಕೊಂದು ಏಕರೂಪದ ಅಳತೆಯನ್ನು ಸೂಚಿಸಿದನು. 1948ರಲ್ಲಿ ಅಮೆರಿಕ, ಇಂಗ್ಲೆಂಡ್, ಕೆನಡಾ ದೇಶಗಳು ಕೂಡಿ ಇಂಚಿನ ಲೆಕ್ಕದ ಮತ್ತೊಂದು ಸಮಾನ ಅಳತೆಯನ್ನು ಒಪ್ಪಿಕೊಂಡವು. ಹೆರಾಲ್ಡಿನ ಬೋಲ್ಟುಗಳು ಬಹುಮಟ್ಟಿಗೆ ಈ ಅಳತೆಯವು. ಇಂದು ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದಾದರೋ ಮಿಲಿಮೀಟರಿನ ಲೆಕ್ಕದ್ದು. ಹದಿನಾರರಲ್ಲಿ ಐದು ಪಾಲು ಇಂಚಿನ ಬೋಲ್ಟು 7.94 ಮಿಲಿಮೀಟರು ದಪ್ಪ. ಅಂಗಡಿಯ ಬೋಲ್ಟು 8 ಮಿಲಿಮೀಟರು. ಬೆರಳಿನಿಂದ ಮುಟ್ಟಿ ನೋಡಿದರೆ ಎರಡೂ ಒಂದೇ. ಆದರೆ ಮೊದಲನೆಯದರಲ್ಲಿ ಎಳೆಯಿಂದ ಎಳೆಗೆ ಇರುವ ಅಂತರ ಸುಮಾರು 1.06 ಮಿಲಿಮೀಟರು, ಎರಡನೆಯದರಲ್ಲಿ 1.25. ಒಂದರ ನಟ್ಟು ಇನ್ನೊಂದಕ್ಕೆ ಒಂದು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. ಆಗ ಬಲ ಹಾಕಿದವನು ಎರಡನ್ನೂ ಕೆಡಿಸುತ್ತಾನೆ. 'ಹೆಚ್ಚುಕಡಿಮೆ ಒಂದೇ' ಎಂಬುದು ಯಂತ್ರಗಳ ಲೋಕದಲ್ಲಿ 'ಬೇರೆ' ಎಂಬುದರ ಇನ್ನೊಂದು ಹೆಸರು.

ಇನ್ನು ಉಳಿದದ್ದು ಮೂರನೆಯ ಗುಂಪು. ಅದಕ್ಕಾಗಿ ನಾವು ಕಲಬುರಗಿಯ ಒಬ್ಬ ವೃದ್ಧ ಲೇಥ್ ಕೆಲಸಗಾರರ ಬಳಿಗೆ ಹೋದೆವು. ಎಲ್ಲರೂ ಅವರನ್ನು 'ಉಸ್ತಾದ್' ಎಂದೇ ಕರೆಯುತ್ತಾರೆ. ಅವರ ತಂದೆಯೂ ಇದೇ ಕಸುಬಿನವರಾಗಿದ್ದರಂತೆ. 1953ರಲ್ಲಿ ಸುಂಕ ಆಯೋಗದ ಶಿಫಾರಸಿನ ಮೇರೆಗೆ ಭಾರತ ಸರ್ಕಾರವು, ದೇಶದೊಳಗೆ ಭಾಗಗಳನ್ನು ತಯಾರಿಸುವ ಯೋಜನೆಯಿಲ್ಲದೆ ಬರಿಯ ಜೋಡಣೆ ಮಾಡುವ ಕಾರು ಕಂಪನಿಗಳಿಗೆ ಇಲ್ಲಿ ಎಡೆಯಿಲ್ಲವೆಂಬ ನೀತಿಯನ್ನು ತಳೆಯಿತು. ಜನರಲ್ ಮೋಟಾರ್ಸ್, ಫೋರ್ಡ್ ಕಂಪನಿಗಳು ಮುಂಬಯಿಯಲ್ಲಿ ನಡೆಸುತ್ತಿದ್ದ ಜೋಡಣೆಯ ಕೆಲಸ 1954ರ ಹೊತ್ತಿಗೆ ನಿಂತಿತು. ಅವರ ಕಾರುಗಳು ಮಾತ್ರ ದೇಶದ ತುಂಬ ಓಡುತ್ತಲೇ ಇದ್ದವು. ಹೊಸ ಭಾಗ ಬಾರದಾದಾಗ ಊರೂರಿನ ಮಿಸ್ತ್ರಿಗಳು ತಾವೇ ಅವನ್ನು ಮಾಡಲು ಕಲಿತರು. ಉಸ್ತಾದರ ತಂದೆಯವರೂ ಆ ತಲೆಮಾರಿನವರೇ. ಕೊರತೆಯು ಕಲಿಸಿದ ಆ ವಿದ್ಯೆ ತಂದೆಯಿಂದ ಮಗನ ಕೈಗೆ ಬಂದಿತ್ತು.

ಹುಡುಗನು ಹಿಂಬಾಗಿಲಿನ ಗಾಜು ಏರಿಸುವ ಯಂತ್ರವನ್ನು ಅವರ ಮುಂದಿಟ್ಟನು. ನಾವು ಒಳಗಿನಿಂದ ಹಿಡಿಯನ್ನು ತಿರುಗಿಸಿದಾಗ ಹಲ್ಲುಳ್ಳ ಒಂದು ಪುಟ್ಟ ಚಕ್ರ ತಿರುಗುತ್ತದೆ. ಅದು ಬಿದಿಗೆಯ ಚಂದ್ರನಂತೆ ಬಾಗಿದ, ಅಂಚಿನಲ್ಲಿ ಹಲ್ಲುಗಳಿರುವ ಉಕ್ಕಿನ ತಗಡೊಂದನ್ನು ದೂಡುತ್ತದೆ. ತಗಡಿಗೆ ಅಂಟಿದ ತೋಳು ಗಾಜನ್ನು ಎತ್ತುತ್ತದೆ. ಆ ತಗಡಿನ ನಡುವಣ ಹಲ್ಲುಗಳು ಸವೆದು ಮೊಂಡಾಗಿದ್ದವು. ಚಕ್ರ ತಿರುಗಿದರೂ ಗಾಜು ಏರುತ್ತಿರಲಿಲ್ಲ. "ಇದರ ಹಂಗೇ ಇನ್ನೊಂದು ಮಾಡಿಕೊಡ್ರಿ" ಎಂದನು ಹುಡುಗ. ಉಸ್ತಾದರು ಕನ್ನಡಕವನ್ನು ಏರಿಸಿಕೊಂಡು ಬಹಳ ಹೊತ್ತು ಅದನ್ನು ತಿರುಗಿಸಿ ನೋಡಿದರು.

"ಬೇಟಾ, ಇದರ ಹಂಗೇ ಮಾಡಿದರ ಸವಕಳೀನೂ ನಕಲ ಆಗ್ತದ. ಹೊಸ ತಗಡಿನ್ಯಾಗ ಹಳೇ ರೋಗ ಇಟ್ಟಂಗ" ಎಂದರು. ಬಳಿಕ ತಗಡಿನ ಎರಡೂ ತುದಿಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದರು. ಗಾಜು ಪೂರ್ತಿ ಏರಿದಾಗಲೂ ಪೂರ್ತಿ ಇಳಿದಾಗಲೂ ತುದಿಯ ಒಂದೆರಡು ಹಲ್ಲುಗಳನ್ನು ಚಕ್ರವು ಮುಟ್ಟುವುದೇ ಇಲ್ಲ. ಆ ಹಲ್ಲುಗಳು ಕಾರ್ಖಾನೆಯಿಂದ ಬಂದ ದಿನ ಹೇಗಿದ್ದವೋ ಹಾಗೆಯೇ ಇದ್ದವು. "ನೋಡ್ರಿ ಮಾಸ್ತರ್ರೇ, ಕೆಲಸ ಮಾಡಿದ ಹಲ್ಲು ತನ್ನ ಮೊದಲಿನ ರೂಪ ಮರೆತದ. ಕೆಲಸ ಮಾಡದ ಹಲ್ಲನ್ನ ಕೇಳಬೇಕು" ಎಂದು ನಕ್ಕರು.

ಅನಂತರ ನಡೆದದ್ದು ಗಣಿತ. ಅವರು ಹಲ್ಲುಗಳನ್ನು ಎಣಿಸಿದರು. ತಗಡು ತಿರುಗುವ ಕೀಲಿನಿಂದ ಸವೆಯದ ಹಲ್ಲಿನ ತುದಿಗೆ ಎಷ್ಟು, ಬುಡಕ್ಕೆ ಎಷ್ಟು ಎಂದು ಅಳೆದರು. ಒಂದು ಹಲ್ಲಿನಿಂದ ಇನ್ನೊಂದು ಹಲ್ಲಿಗೆ ಕೀಲಿನ ಬಳಿ ಎಷ್ಟು ಕೋನ ಬರುತ್ತದೆಂದು ಹುಡುಗನಿಂದಲೇ ಲೆಕ್ಕ ಮಾಡಿಸಿದರು. ಆ ಒಂದು ಹಲ್ಲಿನ ರೂಪವನ್ನು ತೆಳುವಾದ ಹಿತ್ತಾಳೆಯ ತಗಡಿನಲ್ಲಿ ಕತ್ತರಿಸಿ ಅಚ್ಚು ಮಾಡಿದರು. ಹೊಸ ಉಕ್ಕಿನ ಮೇಲೆ ನೀಲಿ ಬಣ್ಣ ಬಳಿದು, ಕೈವಾರದಿಂದ ಕಮಾನು ಎಳೆದು, ಅಚ್ಚನ್ನು ಒಂದೊಂದೇ ಹೆಜ್ಜೆ ಸರಿಸುತ್ತ ಹಲ್ಲುಗಳನ್ನು ಗುರುತಿಸಿದರು. ಮತ್ತೆ ಗರಗಸ, ಅರ. ನಡುನಡುವೆ ಪುಟ್ಟ ಚಕ್ರವನ್ನು ಕೂಡಿಸಿ ನೋಡುವುದು. ಎಲ್ಲಿ ನೀಲಿ ಅಳಿಸಿತೋ ಅಲ್ಲಿ ಲೋಹ ತಾಗುತ್ತಿದೆಯೆಂದು ಅರ್ಥ. ಅಲ್ಲಿ ಮತ್ತೆ ಎರಡು ಸಲ ಅರದ ಸ್ಪರ್ಶ. ಮೂರು ದಿನಗಳಲ್ಲಿ ಒಂದು ತಗಡು ಸಿದ್ಧವಾಯಿತು.

ಅದನ್ನು ನೋಡುತ್ತ ಕುಳಿತಿದ್ದ ನನಗೆ ನನ್ನ ಓದಿನ ದಿನಗಳು ನೆನಪಿಗೆ ಬಂದವು. ಕನ್ನಡ ಎಂ.ಎ. ತರಗತಿಯಲ್ಲಿ ಗ್ರಂಥಸಂಪಾದನೆಯೆಂಬ ಶಾಸ್ತ್ರವನ್ನು ನಾವು ಓದಿದ್ದೆವು. ಪ್ರಾಚೀನ ಕಾವ್ಯಗಳು ತಾಳೆಯ ಗರಿಗಳ ಮೇಲೆ ಕೈಬರಹದಲ್ಲಿ ಉಳಿದು ಬಂದವು. ಗರಿ ಜೀರ್ಣವಾದಾಗ ಲಿಪಿಕಾರನು ಅದರ ಪ್ರತಿ ಮಾಡುತ್ತಿದ್ದನು. ಅದರಿಂದ ಇನ್ನೊಬ್ಬನು, ಅವನದರಿಂದ ಮತ್ತೊಬ್ಬನು. ಒಬ್ಬನ ಕಣ್ತಪ್ಪು ಮುಂದಿನವರೆಲ್ಲರ ಪ್ರತಿಗಳಲ್ಲಿಯೂ ಮನೆಮಾಡುತ್ತಿತ್ತು. ನಮ್ಮ ಜಿಲ್ಲೆಯ ಮಳಖೇಡವನ್ನು ರಾಜಧಾನಿಯಾಗಿ ಹೊಂದಿದ್ದ ರಾಷ್ಟ್ರಕೂಟರ ಕಾಲದ 'ಕವಿರಾಜಮಾರ್ಗ'ವು ಹೀಗೆಯೇ ಕೈಯಿಂದ ಕೈಗೆ ಸಾಗಿ, ಸಾವಿರ ವರ್ಷಗಳ ಬಳಿಕ, 1898ರಲ್ಲಿ ಕೆ. ಬಿ. ಪಾಠಕರ ಸಂಪಾದನೆಯಲ್ಲಿ ಅಚ್ಚಾಯಿತು. ಸವೆದ ಪ್ರತಿಯಿಂದ ಕವಿಯ ಮಾತನ್ನು ಸಂಪಾದಕನು ಹೇಗೆ ಕಂಡುಕೊಳ್ಳುತ್ತಾನೆ? ಅವನಿಗೂ ಒಂದು 'ಸವೆಯದ ಹಲ್ಲು' ಇದೆ. ನಮ್ಮ ಹಳೆಯ ಪದ್ಯಗಳಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬ ಪ್ರಾಸನಿಯಮವುಂಟು. ಒಂದು ಸಾಲಿನಲ್ಲಿ ಆ ಅಕ್ಷರವನ್ನು ಹುಳು ತಿಂದಿದ್ದರೆ ಉಳಿದ ಸಾಲುಗಳು ಅದನ್ನು ಹೇಳುತ್ತವೆ. ಮಾತ್ರೆಗಳ ಎಣಿಕೆಯು ಎಷ್ಟು ಅಕ್ಷರ ಲೋಪವಾಗಿದೆಯೆಂದು ತಿಳಿಸುತ್ತದೆ. ಊಹೆ ಮಾಡುವುದಲ್ಲ, ಉಳಿದುದನ್ನು ಕೇಳುವುದು. ಉಸ್ತಾದರು ಯಾವ ವಿಶ್ವವಿದ್ಯಾಲಯದಲ್ಲಿಯೂ ಓದಿದವರಲ್ಲ. ಆದರೆ ನಮ್ಮ ಅಧ್ಯಾಪಕರು ವರ್ಷವಿಡೀ ಬೋಧಿಸಿದ ತತ್ತ್ವವನ್ನು ಅವರು ಒಂದು ತಗಡನ್ನು ಬೆಳಕಿಗೆ ಹಿಡಿದು ತೋರಿಸಿದರು.

ಬಾಗಿಲಿನ ಒಂದು ಹಿಡಿಕೆಯ ಕತೆಯೂ ಇಂಥದೇ. ಮೂಲದ ಹಿಡಿಕೆ ಸತುವಿನ ಮಿಶ್ರಲೋಹದ್ದು, ಬಿರುಕು ಬಿಟ್ಟಿತ್ತು. ಸತು ಎಂದ ಕೂಡಲೇ ಸತುವಿಗೆ ತಾಮ್ರ ಬೆರೆಸಿ ಎರಕ ಹೊಯ್ದು ಬಿದರಿಯ ಪಾತ್ರೆಗಳನ್ನು ಮಾಡುವ ನೆರೆಯ ಬೀದರಿನ ಕುಶಲಿಗಳು ನೆನಪಾಗುತ್ತಾರೆ. ಆದರೆ ದಿನವೂ ಎಳೆತ ತಾಳಬೇಕಾದ ಹಿಡಿಕೆಗೆ ಹಿತ್ತಾಳೆಯೇ ಲೇಸೆಂದು ನಿರ್ಣಯವಾಯಿತು. ಒಂದು ಎರಕದ ಅಂಗಡಿಯವರು ಹಳೆಯ ಹಿಡಿಕೆಯನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆದು ಎರಕ ಹೊಯ್ದುಕೊಟ್ಟರು. ನೋಡಲು ಅಂದವಾಗಿತ್ತು, ಬಾಗಿಲಿಗೆ ಮಾತ್ರ ಕೂಡಲಿಲ್ಲ. ಎರಡು ತೂತುಗಳ ನಡುವೆ 120 ಮಿಲಿಮೀಟರು ಇರಬೇಕಾದದ್ದು 118ರ ಸನಿಹಕ್ಕೆ ಬಂದಿತ್ತು. ಕರಗಿದ ಲೋಹವು ಆರಿ ಗಟ್ಟಿಯಾಗುವಾಗ ಕುಗ್ಗುತ್ತದೆ. ಹಿತ್ತಾಳೆಯಾದರೆ ನೂರಕ್ಕೆ ಸುಮಾರು ಒಂದೂವರೆ ಪಾಲು. ಆದುದರಿಂದ ಮಾದರಿಯನ್ನು ಅಷ್ಟು ದೊಡ್ಡದಾಗಿಯೇ ಮಾಡಬೇಕು. ಗೊಬ್ಬೂರದಲ್ಲಿ ಇಂದಿಗೂ ಕೂರಿಗೆಗಳನ್ನು ಮಾಡಿಕೊಡುವ ಬಡಿಗರೊಬ್ಬರು ಹುಡುಗನ ಲೆಕ್ಕದಂತೆ ತೇಗದಲ್ಲಿ ಹೊಸ ಮಾದರಿಯನ್ನು ಕೆತ್ತಿದರು. ಎರಡನೆಯ ಎರಕ ಸರಿಯಾಗಿ ಕೂತಿತು. ಕೆಲವೊಮ್ಮೆ ಸರಿಯಾದದ್ದನ್ನು ಪಡೆಯಲು ಬೇಕೆಂದೇ ಬೇರೆ ಅಳತೆಯಿಂದ ಹೊರಡಬೇಕಾಗುತ್ತದೆ!

ಕಿಟಕಿಯ ಗಾಜಿನದು ಇನ್ನೊಂದು ಪರಿ. ವಾಹನದ ಪಕ್ಕದ ಗಾಜನ್ನು ಕುಲುಮೆಯಲ್ಲಿ ಚೆನ್ನಾಗಿ ಕಾಯಿಸಿ, ರಭಸದ ಗಾಳಿಯಿಂದ ತಟ್ಟನೆ ತಣಿಸಿ ಗಡಸುಗೊಳಿಸುತ್ತಾರೆ. ಅಂಥ ಗಾಜು ಒಡೆದರೆ ಚೂಪಾದ ಚೂರುಗಳಾಗದೆ ಹರಳುಹರಳಾಗಿ ಉದುರುತ್ತದೆ. ಆದರೆ ಒಮ್ಮೆ ಗಡಸುಗೊಳಿಸಿದ ಮೇಲೆ ಅದನ್ನು ಕತ್ತರಿಸುವಂತಿಲ್ಲ. ಅಂಚನ್ನು ಕೊರೆಯಹೋದರೆ ಇಡಿಯ ಗಾಜು ಪುಡಿಯಾಗುತ್ತದೆ. ಹಾಗಾಗಿ ಮೊದಲು ರಟ್ಟಿನಲ್ಲಿ ಆಕಾರವನ್ನು ಕತ್ತರಿಸಿ, ಬಾಗಿಲಿನಲ್ಲಿ ಹತ್ತಾರು ಸಲ ಏರಿಸಿಳಿಸಿ ನೋಡಿ, ಅದರಂತೆ ಗಾಜನ್ನು ಕೊರೆಸಿ, ಆಮೇಲೆಯೇ ಕುಲುಮೆಗೆ ಕಳುಹಿಸಿದೆವು.

ಹೀಗೆಂದು ಎಲ್ಲವನ್ನೂ ಇಲ್ಲಿಯೇ ಮಾಡಿಬಿಡಬೇಕೆಂದಲ್ಲ. ಕಾರನ್ನು ಕಟ್ಟಿದ ಕಾರ್ಲ್ ಬೆಂಜನ ಹೆಂಡತಿ ಬೆರ್ತಾ ಬೆಂಜ್ 1888ರ ಆಗಸ್ಟಿನಲ್ಲಿ ಇಬ್ಬರು ಮಕ್ಕಳೊಡನೆ ಜರ್ಮನಿಯ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಗಂಡನ ಕಾರಿನಲ್ಲಿ ಹೊರಟಳು. ಇಂಧನದ ಕೊಳವೆ ಕಟ್ಟಿದಾಗ ಟೋಪಿಯ ಸೂಜಿಯಿಂದ ಚುಚ್ಚಿ ಬಿಡಿಸಿದಳು. ತಡೆಯ ಕಟ್ಟಿಗೆ ಸವೆದಾಗ ದಾರಿಯ ಊರೊಂದರಲ್ಲಿ ಸಮಗಾರನಿಂದ ಅದಕ್ಕೆ ಚರ್ಮ ಹೊಡೆಸಿದಳು. ಅದು ಸಮಯಸ್ಫೂರ್ತಿಗೆ ಒಳ್ಳೆಯ ಉದಾಹರಣೆ. ಆದರೆ ಬೆರ್ತಾಳ ಕಾರು ಕುದುರೆಗಾಡಿಯ ವೇಗದ್ದು. ವೇಗ ಹೆಚ್ಚಿದಂತೆ ತಪ್ಪಿಗೆ ತೆರುವ ಬೆಲೆಯೂ ಹೆಚ್ಚುತ್ತದೆ. ಹೆರಾಲ್ಡಿನ ಮುಂಗಾಲಿಯ ಬುಡದಲ್ಲಿ ಟ್ರನಿಯನ್ ಎಂಬ ಕಂಚಿನ ಭಾಗವಿದೆ. ಗಾಲಿಯನ್ನು ಹೊತ್ತ ಉಕ್ಕಿನ ಕಂಬವು ಅದರೊಳಗೆ ತಿರುಪಿನಂತೆ ಕೂತಿರುತ್ತದೆ. ಎಣ್ಣೆಯಿಲ್ಲದೆ ಒಣಗಿದರೆ ಅದರ ಎಳೆಗಳು ಸವೆದು, ಒಂದು ದಿನ ಓಟದ ನಡುವೆಯೇ ಗಾಲಿ ಕುಸಿಯಬಹುದು. ಹುಡುಗನು ಅದನ್ನೂ ಮಾಡಿಕೊಡಬೇಕೆಂದು ಕೇಳಿದಾಗ ಉಸ್ತಾದರು ಕೈಮುಗಿದರು. "ಕಿಟಕಿ ಕೈ ಕೊಟ್ಟರ ಗಾಳಿ ಬರ್ತದ, ಬೇಟಾ. ಇದು ಕೈ ಕೊಟ್ಟರ ಜೀವ ಹೋಗ್ತದ. ಇದರ ಕಂಚಿನ ಹದ ನನಗ ಗೊತ್ತಿಲ್ಲ" ಎಂದರು. ತನ್ನ ವಿದ್ಯೆಯ ಗಡಿಯನ್ನು ಅರಿತು ಅಲ್ಲಿಯೇ ನಿಲ್ಲುವುದೂ ವಿದ್ಯೆಯ ಒಂದು ಅಂಗ. ಆ ಭಾಗವನ್ನೂ ತಡೆಯ ಭಾಗಗಳನ್ನೂ ಇಂಗ್ಲೆಂಡಿನಿಂದಲೇ ತರಿಸಿದೆವು.

ಹೊಸದಾಗಿ ಮಾಡಿದ ಭಾಗವನ್ನು ಹಳೆಯದೆಂದು ಹೇಳುವ ಆಮಿಷವೂ ಈ ವ್ಯವಹಾರದಲ್ಲಿದೆ. ಒಂದೂರಿನ ವ್ಯಾಪಾರಿಯೊಬ್ಬನು ಹಳೆಯ ಡಬ್ಬಿಯಲ್ಲಿ ಹೊಸ ನಕಲಿಯನ್ನು ಇಟ್ಟು, 'ಅಸಲಿ ಮಾಲು' ಎಂದು ನಾಲ್ಕು ಪಟ್ಟು ಬೆಲೆ ಹೇಳಿದ್ದನು. ಹಳೆಯ ವಾಹನವೆಂದರೆ ಒಂದು ಕಾಲದ ಸಾಕ್ಷಿ. ಸಾಕ್ಷಿಯು ಸುಳ್ಳು ಹೇಳಬಾರದು. ಪ್ರಾಚೀನ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ಅಂಗೀಕರಿಸಿದ ಟ್ಯೂರಿನ್ ಸನ್ನದು, ಬದಲಿಸಿದ ಭಾಗಗಳ ಮೇಲೆ ಅಳಿಯದ ಗುರುತು ಇರಬೇಕೆಂದು ಹೇಳುತ್ತದೆ. ನಮ್ಮ ದೇಶದಲ್ಲಿಯೂ 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಗಿ, ಐವತ್ತು ವರ್ಷ ದಾಟಿದ ವಾಹನಗಳನ್ನು 'ವಿಂಟೇಜ್' ಎಂದು ನೋಂದಾಯಿಸುವ ವ್ಯವಸ್ಥೆ ಬಂದಿದೆ. ಅವುಗಳ ಸಂಖ್ಯಾಫಲಕದಲ್ಲಿ 'ವಿಎ' ಎಂಬ ಅಕ್ಷರಗಳಿರುತ್ತವೆ. ಚೌಕಟ್ಟು, ಒಡಲು, ಎಂಜಿನುಗಳು ಮೂಲರೂಪದಲ್ಲಿರಬೇಕೆಂಬುದು ಅದರ ಕರಾರು. ಹೊಸ ಎಂಜಿನನ್ನು ಕೂಡಿಸಿಬಿಡಿರೆಂದು ಹುಡುಗನಿಗೆ ಸಲಹೆ ಕೊಟ್ಟವರು ಹಲವರಿದ್ದರು. ಅವನು ಕೇಳಲಿಲ್ಲ.

ಉಸ್ತಾದರಿಗೆ ಟ್ಯೂರಿನ್ ಎಲ್ಲಿದೆಯೆಂದು ತಿಳಿಯದು. ಆದರೂ ಕಿಟಕಿಯ ತಗಡನ್ನು ಕೈಗೆ ಕೊಡುವ ಮೊದಲು ಅದರ ಹಿಂಬದಿಯಲ್ಲಿ ಉಳಿಯಿಂದ '2023' ಎಂದು ಸಣ್ಣಗೆ ಹೊಡೆದರು. ಬಾಗಿಲಿನ ಒಳಗೆ ಅಡಗುವ ವಸ್ತುವಿನ ಮೇಲೆ ಈ ಅಂಕಿಯೇಕೆಂದು ಕೇಳಿದೆ. "ಮುಂದ ಇದನ್ನ ಬಿಚ್ಚಿದಾತಗ ಇದು ಕಂಪನೀದಲ್ಲ, ಆಮ್ಯಾಲೆ ಮಾಡಿದ್ದು ಅಂತ ಗೊತ್ತಾಗಬೇಕಲ್ರಿ" ಎಂದರು. ಗ್ರಂಥಸಂಪಾದಕನು ತಾನು ಸೇರಿಸಿದ ಅಕ್ಷರವನ್ನು ಕಂಸದೊಳಗೆ ಇಡುವುದೂ ಇದೇ ಕಾರಣಕ್ಕೆ.

ಯುಗಾದಿಗೆ ನಾಲ್ಕು ದಿನ ಇರುವಾಗ ಹೆರಾಲ್ಡು ಕೆಮ್ಮಿ, ಹೊಗೆಯುಗುಳಿ, ಅಂಗಳವನ್ನು ದಾಟಿ ರಸ್ತೆಗೆ ಬಂದು ನಿಂತಿತು. ಬಣ್ಣ ಬಳಿದಿರಲಿಲ್ಲ, ಆಸನಗಳಿಗೆ ಹೊದಿಕೆ ಇರಲಿಲ್ಲ. ನನ್ನ ತಮ್ಮನು ಮುಂದೆ ಕೂರಲಿಲ್ಲ. ಹಿಂದಿನ ಬಾಗಿಲನ್ನು ತೆರೆದು, ತಾನು ಚಿಕ್ಕವನಿದ್ದಾಗ ಕೂರುತ್ತಿದ್ದ ಜಾಗದಲ್ಲಿ ಕುಳಿತು, ಕಿಟಕಿಯ ಹಿಡಿಯನ್ನು ತಿರುಗಿಸಿದನು. ಗಾಜು ಸದ್ದಿಲ್ಲದೆ ಮೇಲೇರಿತು. ಇಳಿಸಿದನು, ಮತ್ತೆ ಏರಿಸಿದನು. ಮರುದಿನ ಗುಜರಿಯವನು ಬಂದಾಗ ಅವನಿಗೆ ಚಹಾ ಕುಡಿಸಿ ಕಳುಹಿಸಿದನು.

ಉಸ್ತಾದರಿಗೆ ಈಗ ಎಪ್ಪತ್ತು ದಾಟಿದೆ. ಅವರ ಮಕ್ಕಳು ಬೇರೆ ಬೇರೆ ಉದ್ಯೋಗಗಳಲ್ಲಿದ್ದಾರೆ. ಲೇಥಿನ ಮುಂದೆ ನಿಲ್ಲುವವರು ಮನೆಯಲ್ಲಿ ಯಾರೂ ಇಲ್ಲ. ಕಾರಿನ ಭಾಗ ಸವೆದರೆ ತುದಿಯ ಹಲ್ಲನ್ನು ನೋಡಿ ಮತ್ತೆ ಮಾಡಬಹುದು. ಅದನ್ನು ನೋಡಬೇಕೆಂದು ಬಲ್ಲ ಕಣ್ಣೇ ಇಲ್ಲವಾದರೆ ಯಾರು ಮಾಡಿಯಾರು? ಒಬ್ಬ ಮನುಷ್ಯನ ಕೈಯಲ್ಲಿರುವ ವಿದ್ಯೆಗೆ ದಾಸ್ತಾನಿನ ಕೋಣೆಯಿಲ್ಲ. ಅದನ್ನು ಇನ್ನೊಂದು ಕೈ ಕಲಿಯಬೇಕು, ಅಷ್ಟೇ. ನಮ್ಮ ಹುಡುಗ ಈಗ ರವಿವಾರಗಳಲ್ಲಿ ಗೊಬ್ಬೂರದಿಂದ ಬಸ್ಸು ಹಿಡಿದು ಕಲಬುರಗಿಗೆ ಹೋಗುತ್ತಾನೆ. ಮೊದಲ ತಿಂಗಳು ಉಸ್ತಾದರು ಅವನಿಗೆ ಲೇಥನ್ನು ಮುಟ್ಟಗೊಡಲಿಲ್ಲ. ಅರ ಹಿಡಿದು ಒಂದು ಕಬ್ಬಿಣದ ತುಂಡನ್ನು ನಾಲ್ಕೂ ಮಗ್ಗುಲು ಸಮನಾಗಿ ಉಜ್ಜುವುದನ್ನಷ್ಟೇ ಕಲಿಸಿದರು. ಅದು ಸಮನಾದ ದಿನ, ಸವೆಯದ ಹಲ್ಲಿನಿಂದ ತೆಗೆದ ಹಿತ್ತಾಳೆಯ ಅಚ್ಚನ್ನು ಕಾಗದದಲ್ಲಿ ಸುತ್ತಿ ಅವನಿಗೆ ಕೊಟ್ಟರು. ಅವನು ಅದನ್ನು ತನ್ನ ಇನ್ನೂರು ಪುಟದ ವಹಿಯೊಳಗೆ, ಆ ಭಾಗದ ಚಿತ್ರವಿರುವ ಪುಟದಲ್ಲಿ ಇಟ್ಟುಕೊಂಡಿದ್ದಾನೆ.